ಜಾಹೀರಾತಿನಲ್ಲಿ ಫೋನ್ ನಂಬರ್ ಇದೆ, ಕರೆ ಮಾತ್ರ ಬರುತ್ತಿಲ್ಲ: ದೋಷ ಎಲ್ಲಿದೆ ಅಂತ ಹುಡುಕುವ ಬಗೆ

ಗೂಗಲ್‌ನಲ್ಲಿ ಜಾಹೀರಾತು ಹಾಕಿದ ಕಲಬುರಗಿ, ಬೀದರ್, ಯಾದಗಿರಿ ಕಡೆಯ ಅಂಗಡಿಯವರ ದೂರು ಬಹುತೇಕ ಒಂದೇ: "ರೊಕ್ಕ ಹೋಗಲತದ್ರಿ, ಫೋನ್ ಒಂದೂ ಬರಲತಿಲ್ಲ." ಈ ಮಾತು ಕೇಳಿದ ಕೂಡಲೇ ಜಾಹೀರಾತು ನೋಡಿಕೊಳ್ಳುವವರು ಬಿಡ್ (ಒಂದು ಕ್ಲಿಕ್ಕಿಗೆ ಕೊಡಲು ಒಪ್ಪುವ ದರ) ಏರಿಸುತ್ತಾರೆ. ಅದಕ್ಕೂ ಕರೆ ಬರಲಿಲ್ಲ ಅಂದರೆ ಬಜೆಟ್ ಏರಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕೆಳಗೆ ವಾಲ್ವ್ ತೆರೆದಿಟ್ಟು ಮೇಲಿನ ಟ್ಯಾಂಕಿಗೆ ನೀರು ಬಿಟ್ಟಂತೆ ಆಗುತ್ತದೆ ಅಷ್ಟೆ.

ದುಡ್ಡು ಎಲ್ಲಿ ಕಟ್ಟಾಗುತ್ತದೆ ಅಂತ ಮೊದಲು ತಿಳಿದುಕೊಳ್ಳಿ. ಮೊಬೈಲಿನಲ್ಲಿ ಜಾಹೀರಾತಿನ ಜೊತೆ ಕರೆ ಬಟನ್ ಕಾಣುತ್ತದೆ. ಗಿರಾಕಿ ಅದನ್ನು ಒತ್ತಿದರೆ ಅದು ಒಂದು ಕ್ಲಿಕ್. ಹೆಡ್‌ಲೈನ್ ಒತ್ತಿದರೆ ಹೇಗೆ ದುಡ್ಡು ಹೋಗುತ್ತದೋ ಇಲ್ಲೂ ಹಾಗೇ ಹೋಗುತ್ತದೆ. ಒತ್ತಿದ ಕೂಡಲೇ ಕರೆ ಹೋಗಿಬಿಡುವುದಿಲ್ಲ. ಡಯಲರ್ ತೆರೆದುಕೊಂಡು ನಂಬರ್ ಸಿದ್ಧವಾಗಿ ನಿಲ್ಲುತ್ತದೆ, ಅವರು ಹಸಿರು ಬಟನ್ ಇನ್ನೊಮ್ಮೆ ಒತ್ತಬೇಕು. ಆಮೇಲೆ ಫೋನ್ ರಿಂಗ್ ಆಗಬೇಕು, ನೀವು ಎತ್ತಬೇಕು. ರಿಂಗ್ ಆಗಲಿ ಬಿಡಲಿ, ಕ್ಲಿಕ್ಕಿನ ದುಡ್ಡು ಹೋದದ್ದೇ.

ಅಂದರೆ ಜಾಹೀರಾತು ಯಾರಿಗೂ ಕಾಣದೇ ಇದ್ದರೆ ನಿಮಗೆ ಖರ್ಚಿಲ್ಲ. ಜಾಹೀರಾತು ಕಂಡು, ಬಟನ್ ಒತ್ತಿ, ಫೋನ್ ಹತ್ತದೇ ಇದ್ದರೆ ಪ್ರತಿ ಸಲವೂ ಖರ್ಚು. ಹಾಗಾಗಿ ಹುಡುಕಾಟ ಫೋನಿನಿಂದ ಶುರುವಾಗಬೇಕು. ಅಲ್ಲಿಂದ ಹಿಂದೆ ಹಿಂದೆ ಜಾಹೀರಾತಿನ ಕಡೆಗೆ ಹೋಗಬೇಕು. ಈ ಬರಹವೂ ಅದೇ ದಾರಿಯಲ್ಲಿ ನಡೆಯುತ್ತದೆ.

ಎರಡು ಲೆಕ್ಕ ಪಕ್ಕಪಕ್ಕ ಇಡಿ

ಯಾವುದನ್ನೂ ಬದಲಿಸುವ ಮೊದಲು ಹೋದ ವಾರದ ಎರಡು ಲೆಕ್ಕ ತೆಗೆಯಿರಿ. ಒಂದು ಗೂಗಲ್ ಆಡ್ಸ್ ಖಾತೆಯದು. ಕ್ಯಾಂಪೇನ್ ಪಟ್ಟಿಯಲ್ಲಿ ಸೆಗ್ಮೆಂಟ್ ಅನ್ನುವುದನ್ನು ಒತ್ತಿ ಕ್ಲಿಕ್ ಟೈಪ್ ಆರಿಸಿದರೆ ಹೆಡ್‌ಲೈನ್ ಕ್ಲಿಕ್ ಎಷ್ಟು, ಕರೆ ಬಟನ್ ಕ್ಲಿಕ್ ಎಷ್ಟು ಅಂತ ಬೇರೆ ಬೇರೆ ಸಾಲಿನಲ್ಲಿ ತೋರಿಸುತ್ತದೆ. ಇನ್ನೊಂದು ಅಂಗಡಿಯ ಫೋನಿನ ಕಾಲ್ ಲಾಗ್. ಹೊಸ ನಂಬರುಗಳಿಂದ ಬಂದ ಕರೆ, ಮಿಸ್ಡ್ ಕಾಲ್, ಬ್ಲಾಕ್ ಆದ ಕರೆ ಎಲ್ಲವನ್ನೂ ಎಣಿಸಿ.

ಎರಡು ಲೆಕ್ಕ ಸರಿಸಮ ಬರುವುದಿಲ್ಲ. ಬಟನ್ ಒತ್ತಿ ಮನಸ್ಸು ಬದಲಿಸುವವರು, ಕೈತಪ್ಪಿ ಒತ್ತುವವರು ಇದ್ದೇ ಇರುತ್ತಾರೆ. ಆದರೆ ಖಾತೆಯಲ್ಲಿ ಕರೆ ಕ್ಲಿಕ್ ರಾಶಿ ಇದ್ದು ಫೋನಿನಲ್ಲಿ ಒಂದೋ ಎರಡೋ ಕರೆ ಇದ್ದರೆ ದೋಷ ಫೋನಿನಲ್ಲಿ ಅಥವಾ ನಂಬರಿನಲ್ಲಿದೆ. ಹೆಡ್‌ಲೈನ್ ಕ್ಲಿಕ್ ಇವೆ, ಕರೆ ಕ್ಲಿಕ್ ಒಂದೂ ಇಲ್ಲ ಅಂದರೆ ಜಾಹೀರಾತಿನಲ್ಲಿ ನಂಬರ್ ಕಾಣುತ್ತಿಲ್ಲ ಅಂತ ಅನುಮಾನಪಡಿ. ಎರಡೂ ಇಲ್ಲವೆಂದರೆ ಜಾಹೀರಾತೇ ಓಡುತ್ತಿಲ್ಲ. ಕರೆ ಬರುತ್ತಿವೆ, ಗಿರಾಕಿ ಮಾತ್ರ ಸಿಗುತ್ತಿಲ್ಲ ಅಂದರೆ ಅದು ಬೇರೆಯೇ ರೋಗ, ಕೊನೆಯಲ್ಲಿ ಹೇಳುತ್ತೇನೆ.

ಫೋನಿನಲ್ಲೇ ಇರುವ ದೋಷ

ಇದನ್ನು ಯಾರೂ ನೋಡುವುದಿಲ್ಲ, ಅದಕ್ಕೇ ಹೆಚ್ಚು ಹೇಳುತ್ತೇನೆ.

ಕಲಬುರಗಿಯ ಸೇಡಂ ರಸ್ತೆ ಕಡೆ ವಾಟರ್ ಫಿಲ್ಟರ್ ರಿಪೇರಿ ಮಾಡುವ ಒಂದು ಅಂಗಡಿ. ಏಪ್ರಿಲ್ ಬಿಸಿಲು, ನೀರಿನ ಕೆಲಸ ಜೋರಾಗಿ ನಡೆಯುವ ಕಾಲ. ಖಾತೆಯಲ್ಲಿ ಕರೆ ಕ್ಲಿಕ್ ದಿನಾ ಬೀಳುತ್ತಿದ್ದವು. ಫೋನ್ ಮಾತ್ರ ತಣ್ಣಗೆ. ಮಾಲೀಕರ ಫೋನ್ ಸೆಟ್ಟಿಂಗ್ಸ್ ತೆರೆದು ನೋಡಿದರೆ, 'ಗೊತ್ತಿಲ್ಲದ ನಂಬರ್ ಬ್ಲಾಕ್ ಮಾಡು' ಅನ್ನುವುದು ಆನ್ ಇತ್ತು. ಸಾಲ ಬೇಕಾ, ಕ್ರೆಡಿಟ್ ಕಾರ್ಡ್ ಬೇಕಾ ಅಂತ ಬರುವ ಕರೆಗಳ ಕಾಟಕ್ಕೆ ಬೇಸತ್ತು ಮನೆಯ ಹುಡುಗರ ಕೈಲಿ ಹಾಕಿಸಿಕೊಂಡಿದ್ದರು. ಜಾಹೀರಾತು ನೋಡಿ ಫೋನ್ ಮಾಡುವ ಪ್ರತಿಯೊಬ್ಬ ಗಿರಾಕಿಯೂ ಗೊತ್ತಿಲ್ಲದ ನಂಬರೇ ಅಲ್ವಾ? ಬ್ಲಾಕ್ ಆದ ಕರೆಗಳ ಪಟ್ಟಿ ತೆಗೆದಾಗ ಗಿರಾಕಿಗಳು ಒಬ್ಬರ ಕೆಳಗೆ ಒಬ್ಬರು ಸಾಲಾಗಿ ಇದ್ದರು. ಕೆಲವರು ಎರಡೆರಡು ಸಲ ಪ್ರಯತ್ನ ಮಾಡಿದ್ದರು. ಆ ಒಂದು ಸ್ವಿಚ್ ಆಫ್ ಮಾಡಿದ್ದೇ ರಿಪೇರಿ. ಬಿಡ್ ಮುಟ್ಟಲೇ ಇಲ್ಲ.

ಇದೇ ಜಾತಿಯ ಬೇರೆ ದೋಷಗಳೂ ಇವೆ. ಎರಡು ಸಿಮ್ ಇರುವ ಫೋನಿನಲ್ಲಿ ಜಾಹೀರಾತಿಗೆ ಕೊಟ್ಟ ನಂಬರ್ ಎರಡನೇ ಸಿಮ್‌ನದಾಗಿರುತ್ತದೆ. ಅದರ ರೀಚಾರ್ಜ್ ಅವಧಿ ಮುಗಿದು ಒಳಬರುವ ಕರೆಯೂ ನಿಂತಿರುತ್ತದೆ. ವಾಟ್ಸಾಪ್ ವೈಫೈ ಮೇಲೆ ಓಡುತ್ತಲೇ ಇರುವುದರಿಂದ ಸಿಮ್ ಸತ್ತದ್ದು ಯಾರಿಗೂ ಗೊತ್ತಾಗಿರುವುದಿಲ್ಲ. ಕಾಲ್ ಫಾರ್ವರ್ಡ್ ಯಾವತ್ತೋ ಊರಿಗೆ ಹೋಗುವಾಗ ಹಾಕಿದ್ದು ಹಾಗೇ ಉಳಿದಿರುತ್ತದೆ. ಅದನ್ನು ಫೋನ್ ಆ್ಯಪಿನ ಸೆಟ್ಟಿಂಗ್ಸ್‌ನಲ್ಲಿ ನೋಡಿ. ಸ್ಟಾರ್-ಹ್ಯಾಶ್ ಕೋಡ್ ಒತ್ತಿ ಕರೆ ಫಾರ್ವರ್ಡ್ ಮಾಡುವ ಸೌಲಭ್ಯವನ್ನು ವಂಚನೆ ತಡೆಯಲು 2024ರ ಏಪ್ರಿಲ್ 15ರಿಂದ ನಿಲ್ಲಿಸಿ ಅಂತ ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಆದೇಶ ಕೊಟ್ಟಿತ್ತು. ಹಾಗಾಗಿ ಹಳೆಯ ವಿಡಿಯೋಗಳಲ್ಲಿ ಹೇಳಿದ ಕೋಡ್ ನಂಬಿಕೊಂಡು ಕೂರಬೇಡಿ.

ಪರೀಕ್ಷೆ ಸುಲಭ. ನಿಮ್ಮ ಹೆಸರು, ನಂಬರ್ ಸೇವ್ ಇಲ್ಲದ ಒಂದು ಫೋನ್ ತೆಗೆದುಕೊಳ್ಳಿ. ಬೇರೆ ಕಂಪನಿಯ ಸಿಮ್ ಇದ್ದರೆ ಇನ್ನೂ ಒಳ್ಳೆಯದು. ಜಾಹೀರಾತಿನಲ್ಲಿ ಕೊಟ್ಟ ನಂಬರನ್ನು ಅಂಕಿ ಅಂಕಿ ನೋಡಿ ಕೈಯಿಂದ ಡಯಲ್ ಮಾಡಿ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಊಟದ ಹೊತ್ತಿಗೆ ಒಮ್ಮೆ, ಸಂಜೆ ಅಂಗಡಿ ತುಂಬಿರುವಾಗ ಒಮ್ಮೆ. ಮಧ್ಯಾಹ್ನದ ಕರೆ ಯಾರೂ ಎತ್ತದಿದ್ದರೆ ದೋಷ ಸಿಕ್ಕಂತೆಯೇ. ಯಾರೂ ಎತ್ತದ ಹೊತ್ತಿನಲ್ಲಿ ಕರೆ ಬಟನ್ ತೋರಿಸುವುದೇ ಬೇಡ.

ನಂಬರ್ ಬರೆದಿರುವ ರೀತಿ

ಲ್ಯಾಂಡ್‌ಲೈನ್ ಕೊಟ್ಟವರಿಗೆ ಈ ಭಾಗ ಮುಖ್ಯ. ಕಲಬುರಗಿಯ ಎಸ್‌ಟಿಡಿ ಕೋಡ್ 08472, ಬೀದರ್ 08482, ಯಾದಗಿರಿ 08473. ಅದರ ಮುಂದೆ ಆರು ಅಂಕಿ. ಹಳೆಯ ಬೋರ್ಡುಗಳಲ್ಲಿ ಆರು ಅಂಕಿ ಮಾತ್ರ ಬರೆಸುವ ರೂಢಿ ಇತ್ತು. ಅದನ್ನೇ ವೆಬ್‌ಸೈಟಿಗೆ ಇಳಿಸಿದರೆ ಮೊಬೈಲಿನಿಂದ ಕರೆ ಹೋಗುವುದೇ ಇಲ್ಲ.

ಇನ್ನೊಂದು ತಪ್ಪು ಇದಕ್ಕೆ ಉಲ್ಟಾ. ದೇಶದ ಕೋಡ್ ಹಾಕುತ್ತಾರೆ, ಎಸ್‌ಟಿಡಿ ಕೋಡಿನ ಮೊದಲ ಸೊನ್ನೆಯನ್ನೂ ಬಿಡುವುದಿಲ್ಲ. +91 ಹಾಕಿದ ಮೇಲೆ ಸೊನ್ನೆ ಇರಬಾರದು. ಬೀದರಿನ ನಂಬರ್ ಆದರೆ +91 8482, ಆಮೇಲೆ ಆರು ಅಂಕಿ. ಕಾಲ್ ಅಸೆಟ್ ತುಂಬುವಾಗ ದೇಶ ಭಾರತ ಅಂತ ಆರಿಸಿದ್ದೀರಾ ಅಂತಲೂ ನೋಡಿ. (ಕರೆ ಬಟನ್ನಿಗಾಗಿ ನಂಬರ್ ತುಂಬುವ ಜಾಗಕ್ಕೆ ಈಗ ಕಾಲ್ ಅಸೆಟ್ ಅಂತ ಹೆಸರು. 2022ರವರೆಗೆ ಕಾಲ್ ಎಕ್ಸ್‌ಟೆನ್ಷನ್ ಅಂತಿತ್ತು. ಹಳೆಯ ಪಾಠಗಳಲ್ಲಿ ಆ ಹೆಸರೇ ಸಿಗುತ್ತದೆ.)

ವೆಬ್‌ಸೈಟಿನ ನಂಬರ್ ಬೇರೆ ವಿಷಯ. ಹೆಡ್‌ಲೈನ್ ಒತ್ತಿ ಒಳಗೆ ಬಂದವರು ಅಲ್ಲಿನ ನಂಬರ್ ಒತ್ತುತ್ತಾರೆ. ಅದು ಬರೀ ಅಕ್ಷರವಾಗಿದ್ದರೆ ಕೆಲವು ಫೋನುಗಳಲ್ಲಿ ಡಯಲರ್ ತೆರೆಯುತ್ತದೆ, ಕೆಲವದರಲ್ಲಿ ಇಲ್ಲ. ಸೈಟ್ ಮಾಡಿದವರಿಗೆ "ನಂಬರಿಗೆ ಟೆಲ್ ಲಿಂಕ್ ಕೊಡಿ, ಲಿಂಕಿನ ಒಳಗೆ +91 ಸಹಿತ, ಮಧ್ಯೆ ಜಾಗ ಬಿಡದೆ ಹಾಕಿ" ಅಂತ ಹೇಳಿ. ಅಷ್ಟು ಹೇಳಿದರೆ ಅವರಿಗೆ ಗೊತ್ತಾಗುತ್ತದೆ. ಹೇಳಿ ಸುಮ್ನೆ ಬಿಡಬೇಡಿ, ಮಾಡಿದ ಮೇಲೆ ನೀವೇ ಒತ್ತಿ ನೋಡಿ. ಕಣ್ಣಿಗೆ ಕಾಣುವ ನಂಬರ್ ಸರಿ ಇದ್ದು, ಲಿಂಕಿನ ಒಳಗೆ ಹಳೆಯ ನಂಬರ್ ಉಳಿದಿರುವುದು ಬಹಳ. ನಂಬರ್ ಬದಲಿಸಿದವರು ಮೇಲಿನದನ್ನು ಮಾತ್ರ ಬದಲಿಸಿರುತ್ತಾರೆ. ಡಯಲರ್ ತೆರೆದಾಗ ಅದರಲ್ಲಿ ಬಂದ ಅಂಕಿಗಳನ್ನು ಓದಿದರೆ ಮಾತ್ರ ಇದು ಸಿಕ್ಕುತ್ತದೆ.

ಗೂಗಲ್ ನಂಬರನ್ನೇ ತಡೆದಿದ್ದರೆ

ಜಾಹೀರಾತಿನ ಹೆಡ್‌ಲೈನ್ ಅಥವಾ ವಿವರಣೆಯಲ್ಲಿ ಫೋನ್ ನಂಬರ್ ಬರೆದರೆ ಗೂಗಲ್ ಅದನ್ನು ತಿರಸ್ಕರಿಸುತ್ತದೆ. ಪೇಪರ್ ಜಾಹೀರಾತಿನ ಅಭ್ಯಾಸ ಇರುವವರಿಗೆ ಇದು ಕಸಿವಿಸಿ. ಪೇಪರಿನಲ್ಲಿ ನಂಬರೇ ದೊಡ್ಡ ಅಕ್ಷರದಲ್ಲಿ ಇರಬೇಕು. ಇಲ್ಲಿ ನಂಬರಿಗೆ ಅಂತಲೇ ಬೇರೆ ಜಾಗ ಇದೆ, ಅಲ್ಲೇ ಹಾಕಬೇಕು.

ಅಂಕಿಗಳ ಮಧ್ಯೆ ಚುಕ್ಕೆ ಇಟ್ಟು, ಕನ್ನಡ ಅಂಕಿ ಬಳಸಿ, 'ನೈನ್ ಫೋರ್' ಅಂತ ಅಕ್ಷರದಲ್ಲಿ ಬರೆದು ದಾಟಿಸಲು ನೋಡುವವರಿದ್ದಾರೆ. ಬೇಡ. ಒಂದು ಜಾಹೀರಾತು ತಿರಸ್ಕಾರ ಆದರೆ ತಿದ್ದಿ ಮತ್ತೆ ಕಳಿಸಬಹುದು. ನಿಯಮಕ್ಕೆ ಕಣ್ತಪ್ಪಿಸುತ್ತಿದ್ದಾರೆ ಅಂತ ಗೂಗಲ್‌ಗೆ ಅನಿಸಿದರೆ ಇಡೀ ಖಾತೆಯೇ ಬಂದ್ ಆಗುತ್ತದೆ. ಅದನ್ನು ಮತ್ತೆ ತೆರೆಸುವುದು ಬಹಳ ಕಷ್ಟದ ಕೆಲಸ. ಸೀಸನ್ ನಡುವೆ ಹೀಗಾದರೆ ಸಣ್ಣ ಅಂಗಡಿಗೆ ದೊಡ್ಡ ಪೆಟ್ಟು.

ನಂಬರನ್ನು ಸರಿಯಾದ ಜಾಗದಲ್ಲೇ ಹಾಕಿದ್ದೀರಿ, ಆದರೂ ಅಸೆಟ್ ಪಕ್ಕದಲ್ಲಿ ತಿರಸ್ಕೃತ ಅಂತ ಬಂದಿದೆ ಅಂದರೆ ಹೆಚ್ಚಾಗಿ ಪರಿಶೀಲನೆಯ ತೊಂದರೆ. ಈ ನಂಬರ್ ಈ ವ್ಯಾಪಾರದ್ದೇ ಅಂತ ಗೂಗಲ್‌ಗೆ ಖಾತ್ರಿ ಬೇಕು. ಸುಲಭದ ದಾರಿ ಅಂದರೆ ಜಾಹೀರಾತು ಕರೆದೊಯ್ಯುವ ವೆಬ್‌ಸೈಟಿನಲ್ಲಿ ಅದೇ ನಂಬರ್ ಅಕ್ಷರರೂಪದಲ್ಲಿ ಕಾಣಬೇಕು.

ಇಲ್ಲೇ ನಮ್ಮ ಕಡೆಯ ಒಂದು ಮಾಮೂಲಿ ದೋಷ ಇದೆ. ಬೀದರಿನ ಒಂದು ಬಿದ್ರಿ ಸಾಮಾನಿನ ಅಂಗಡಿಯ ಸೈಟ್ ನೋಡಲು ಚೆಂದ. ಕಪ್ಪು ಹೂದಾನಿಯ ಮೇಲೆ ಬೆಳ್ಳಿ ಬಳ್ಳಿ, ಪಕ್ಕದಲ್ಲಿ ಅಂಗಡಿಯ ಹೆಸರು, ಕೆಳಗೆ ನಂಬರ್. ಆದರೆ ಆ ಇಡೀ ಬ್ಯಾನರ್ ಒಂದೇ ಫೋಟೋ. ವಿಸಿಟಿಂಗ್ ಕಾರ್ಡ್ ಮಾಡಿಕೊಟ್ಟ ಡಿಸೈನನ್ನೇ ಸೈಟಿಗೆ ಏರಿಸಿದ್ದರು. ಮನುಷ್ಯನ ಕಣ್ಣಿಗೆ ನಂಬರ್ ಇದೆ. ಸೈಟ್ ಓದುವ ಯಂತ್ರಕ್ಕೆ ಅಲ್ಲಿ ಬರೀ ಚಿತ್ರ ಇದೆ. ಹಾಗಾಗಿ ನಂಬರ್ ಪರಿಶೀಲನೆ ಆಗಲಿಲ್ಲ. ಗಿರಾಕಿ ಬೆರಳಿಟ್ಟು ಒತ್ತಿದರೂ ಏನೂ ಆಗುತ್ತಿರಲಿಲ್ಲ. ಬ್ಯಾನರ್ ಕೆಳಗೆ ಒಂದು ಸಾಲು ಅಕ್ಷರದಲ್ಲಿ ನಂಬರ್ ಬರೆದು, ಟೆಲ್ ಲಿಂಕ್ ಕೊಟ್ಟು, ಅಸೆಟ್ ಮತ್ತೆ ಕಳಿಸಿದ ಮೇಲೆ ಒಪ್ಪಿಗೆ ಆಯಿತು. ನಿಮ್ಮ ಸೈಟಿನಲ್ಲೂ ಇದೇ ತೊಂದರೆ ಇದೆಯಾ ಅಂತ ನೋಡಲು ನಂಬರಿನ ಮೇಲೆ ಬೆರಳು ಒತ್ತಿ ಹಿಡಿದು ಕಾಪಿ ಮಾಡಲು ಪ್ರಯತ್ನಿಸಿ. ಕಾಪಿ ಆಗದಿದ್ದರೆ ಅದು ಚಿತ್ರ. ಸೈಟಿನಲ್ಲಿ ನಂಬರನ್ನು ಕನ್ನಡ ಅಂಕಿಯಲ್ಲಿ ಮಾತ್ರ ಬರೆದವರು 1, 2, 3 ಅಂಕಿಗಳಲ್ಲೂ ಒಮ್ಮೆ ಬರೆಯಿರಿ.

ಹೊಸ ಅಸೆಟ್ ಅಥವಾ ತಿದ್ದಿದ ಅಸೆಟ್ ಪರಿಶೀಲನೆಗೆ ಸಾಮಾನ್ಯವಾಗಿ ಒಂದು ಕೆಲಸದ ದಿನ ಹಿಡಿಯುತ್ತದೆ. ಅಷ್ಟರೊಳಗೆ ಮತ್ತೆ ಮತ್ತೆ ಬದಲಿಸುತ್ತಾ ಹೋದರೆ ಪರಿಶೀಲನೆ ಮತ್ತೆ ಮೊದಲಿನಿಂದ ಆಗುತ್ತದೆ. ಕಾಯಿರಿ.

ಹಳೆಯ ನಂಬರ್ ಕಾಣುತ್ತಿದ್ದರೆ

ನೀವು ಬದಲಿಸಿದ್ದೀರಿ, ಜಾಹೀರಾತಿನಲ್ಲಿ ಇನ್ನೂ ಹಳೆಯದೇ ಇದೆ. ಕಾರಣ, ನಂಬರ್ ಒಂದೇ ಕಡೆಯಿಂದ ಬರುವುದಿಲ್ಲ. ಕಾಲ್ ಅಸೆಟನ್ನು ಇಡೀ ಖಾತೆಗೆ, ಒಂದು ಕ್ಯಾಂಪೇನ್‌ಗೆ ಅಥವಾ ಅದರೊಳಗಿನ ಒಂದು ಆಡ್ ಗ್ರೂಪ್‌ಗೆ ಹಾಕಬಹುದು. ಮೇಲೆ ಬದಲಿಸಿ ಕೆಳಗೆ ಬಿಟ್ಟಿದ್ದರೆ ಹಳೆಯದು ಹಾಗೇ ಓಡುತ್ತದೆ. ಮೂರೂ ಕಡೆ ನೋಡಿ. ಗೂಗಲ್ ಮ್ಯಾಪ್ಸ್‌ನಲ್ಲಿರುವ ನಿಮ್ಮ ಅಂಗಡಿಯ ಪ್ರೊಫೈಲನ್ನು ಜಾಹೀರಾತಿಗೆ ಜೋಡಿಸಿದ್ದರೆ ವಿಳಾಸದ ಜೊತೆ ಅಲ್ಲಿನ ನಂಬರೂ ಬರುತ್ತದೆ. ಸೈಟಿನ ಯಾವುದೋ ಮೂಲೆಯಲ್ಲಿರುವ ನಂಬರ್ ನೋಡಿ ಗೂಗಲ್ ತಾನೇ ಕಾಲ್ ಅಸೆಟ್ ಮಾಡಿಕೊಳ್ಳುವುದೂ ಉಂಟು. ಅದನ್ನು ಆಟೊಮೇಟೆಡ್ ಅಸೆಟ್ಸ್ ವಿಭಾಗದಲ್ಲಿ ನಿಲ್ಲಿಸಬಹುದು.

ಹಗಲು ಮೌನ, ನಡುರಾತ್ರಿ ರಿಂಗ್

ಇದು ವಿಚಿತ್ರ ಅನಿಸುವ ದೋಷ, ಆದರೆ ಕಾರಣ ಸಣ್ಣದು. ಕಾಲ್ ಅಸೆಟ್‌ಗೆ ವೇಳೆ ಹಾಕಬಹುದು. ಅಂಗಡಿ ತೆರೆದಿರುವಾಗ ಮಾತ್ರ ಬಟನ್ ಕಾಣಲಿ ಅಂತ ಬೆಳಿಗ್ಗೆ 9ರಿಂದ ಸಂಜೆ 6 ಅಂತ ಹಾಕುತ್ತೀರಿ. ಆ ಗಡಿಯಾರ ನಿಮ್ಮ ಊರಿನದಲ್ಲ, ಖಾತೆಯ ಟೈಮ್ ಜೋನ್‌ನದು. ಖಾತೆ ತೆರೆದವರು ಅಮೆರಿಕದ ಪೆಸಿಫಿಕ್ ಸಮಯ ಆರಿಸಿಬಿಟ್ಟಿದ್ದರೆ, ಅಲ್ಲಿನ ಬೇಸಿಗೆಯಲ್ಲಿ ಆ 9ರಿಂದ 6 ಅಂದರೆ ನಮ್ಮ ರಾತ್ರಿ 9:30ರಿಂದ ಬೆಳಗಿನ ಜಾವ 6:30. ಸೆಟ್ಟಿಂಗ್ಸ್‌ನಲ್ಲಿ ಭಾರತದ ಸಮಯ, ಅಂದರೆ ಜಿಎಂಟಿಗಿಂತ ಐದೂವರೆ ತಾಸು ಮುಂದೆ ಅಂತ ಇದೆಯಾ ನೋಡಿ. ಬದಲಿಸಲು ಬಿಡದಿದ್ದರೆ ವೇಳೆಯನ್ನೇ ಲೆಕ್ಕ ಹಾಕಿ ತಿರುಗಿಸಿ ತುಂಬಿ.

ನಂಬರ್ ಕಾಣುವುದೇ ಇಲ್ಲ ಅಂದರೆ

ಇಲ್ಲಿಗೆ ಬರುವ ಹೊತ್ತಿಗೆ ಫೋನ್ ಸರಿ ಇದೆ, ನಂಬರ್ ಸರಿ ಇದೆ, ಒಪ್ಪಿಗೆ ಆಗಿದೆ. ಈಗ ಜಾಹೀರಾತು ಓಡುತ್ತಿದೆಯಾ ಅಂತ ನೋಡಬೇಕು. ದಯವಿಟ್ಟು ಗೂಗಲ್‌ನಲ್ಲಿ ಪದೇ ಪದೇ ಹುಡುಕಿ ನೋಡಬೇಡಿ, ನಿಮ್ಮ ಜಾಹೀರಾತನ್ನು ನೀವೇ ಒತ್ತಲೂ ಬೇಡಿ. ಒತ್ತಿದರೆ ದುಡ್ಡು ಹೋಗುತ್ತದೆ. ಒತ್ತದೇ ನೋಡುತ್ತಾ ಹೋದರೆ 'ಕಂಡವರು ಬಹಳ, ಒತ್ತಿದವರು ಇಲ್ಲ' ಅಂತ ಲೆಕ್ಕ ಕೆಡುತ್ತದೆ. ಖಾತೆಯ ಒಳಗೇ ಆಡ್ ಪ್ರಿವ್ಯೂ ಆ್ಯಂಡ್ ಡಯಾಗ್ನೋಸಿಸ್ ಅನ್ನುವ ಸಾಧನ ಇದೆ. ಊರು, ಭಾಷೆ, ಮೊಬೈಲ್ ಅಂತ ಆರಿಸಿ ಹುಡುಕುವ ಪದ ಹಾಕಿದರೆ, ಜಾಹೀರಾತು ಕಾಣುತ್ತದೋ ಇಲ್ಲವೋ, ಇಲ್ಲವೆಂದರೆ ಏಕೆ ಅಂತ ಅದೇ ಹೇಳುತ್ತದೆ.

ಸಾಮಾನ್ಯ ಕಾರಣ ಬಜೆಟ್ ಮಧ್ಯಾಹ್ನಕ್ಕೇ ಮುಗಿಯುವುದು, ಮುಂಗಡ ಕಟ್ಟಿದ ಹಣ ಖಾಲಿಯಾಗುವುದು. ಕಾಲ್ ಅಸೆಟ್ ಪ್ರತಿ ಸಲವೂ ಕಾಣಲೇಬೇಕು ಅಂತಿಲ್ಲ ಅನ್ನುವುದೂ ಗೊತ್ತಿರಲಿ. ಜಾಹೀರಾತಿನ ಶ್ರೇಣಿ ಕೆಳಗಿದ್ದರೆ ಗೂಗಲ್ ಅದನ್ನು ಬಿಟ್ಟು ಬರೀ ಹೆಡ್‌ಲೈನ್ ತೋರಿಸುತ್ತದೆ. ಬಿಡ್ ಏರಿಸುವ ಮಾತು ಬರುವುದು ಈ ಹಂತದಲ್ಲಿ ಮಾತ್ರ.

ಊರಿನ ಹೆಸರನ್ನೂ ನೋಡಿ. ಗುಲ್ಬರ್ಗ ಅಂತಿದ್ದದ್ದು 2014ರ ನವೆಂಬರ್ 1ರಂದು ಅಧಿಕೃತವಾಗಿ ಕಲಬುರಗಿ ಆಯಿತು. ಆದರೂ ಹುಡುಕುವವರಲ್ಲಿ ಎಷ್ಟೋ ಜನ ಇನ್ನೂ ಗುಲ್ಬರ್ಗ ಅಂತಲೇ ಟೈಪ್ ಮಾಡುತ್ತಾರೆ. ಕೀವರ್ಡ್‌ಗಳಲ್ಲಿ, ಅಂದರೆ ಯಾವ ಪದ ಹುಡುಕಿದರೆ ಜಾಹೀರಾತು ಕಾಣಬೇಕು ಅಂತ ನೀವು ಕೊಡುವ ಪದಗಳಲ್ಲಿ, ಎರಡೂ ಹೆಸರು ಇರಲಿ.

ಯಾದಗಿರಿಯಂಥ ಊರಿಗೆ ಇನ್ನೊಂದು ತೊಂದರೆ ಇದೆ. ಮೊಬೈಲ್ ಡೇಟಾ ಬಳಸುವವರು ಎಲ್ಲಿದ್ದಾರೆ ಅಂತ ಇಂಟರ್ನೆಟ್ ವಿಳಾಸದಿಂದ ಅಂದಾಜು ಮಾಡುವಾಗ ದೊಡ್ಡ ಊರಿನ ಹೆಸರು ಬರುವುದುಂಟು. ಶಹಾಪುರದಲ್ಲಿ ಕೂತವರು ಬೆಂಗಳೂರಿನವರಂತೆ ಕಾಣಬಹುದು. ಬರೀ ಊರಿನ ಮೇಲೆ ಬಿಗಿಯಾಗಿ ಗುರಿ ಇಟ್ಟಿದ್ದು ಏನೂ ಓಡದಿದ್ದರೆ, ಇಡೀ ಜಿಲ್ಲೆಯನ್ನು ಸೇರಿಸಿ ನೋಡಿ.

ಕರೆ ಬರುತ್ತವೆ, ಗಿರಾಕಿ ಅಲ್ಲ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಬೇಸರದ ದೋಷ ಇದು. ಎರಡೂ ಕಡೆಯವರ ಸಮಯ ಹಾಳು.

ಕಲಬುರಗಿ ತೊಗರಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ, ದಾಲ್ ಮಿಲ್‌ಗಳು ಊರ ತುಂಬ ಇವೆ. ಒಂದು ಮಿಲ್‌ನವರು ಹೊರಗಿನ ವ್ಯಾಪಾರಿಗಳಿಗೆ ಬೇಳೆ ಸಗಟು ಮಾರಲು ಜಾಹೀರಾತು ಹಾಕಿದ್ದಾರೆ ಅನ್ನಿ. ಕೀವರ್ಡ್ 'ತೊಗರಿ ಕಲಬುರಗಿ' ಅಂತ ಸಡಿಲವಾಗಿದೆ. ಬೆಳಿಗ್ಗೆಯಿಂದ ಫೋನ್ ಬಿಡುವಿಲ್ಲ. ಎತ್ತಿದರೆ ಆ ಕಡೆಯಿಂದ "ಇವತ್ತ ತೊಗರಿ ರೇಟ್ ಏನದರಿ?" ಅಂತ ರೈತರು. ಅವರ ತಪ್ಪೇನೂ ಇಲ್ಲ. ಮಾರುಕಟ್ಟೆ ದರ ಹುಡುಕಿದರು, ಮೇಲೆ ಕರೆ ಬಟನ್ ಕಂಡಿತು, ಒತ್ತಿದರು. ಅವರ ಜೊತೆ ಸಮಾಧಾನದಿಂದ ಮಾತಾಡಿ. ರಿಪೇರಿ ಆಗಬೇಕಾದದ್ದು ಖಾತೆಯಲ್ಲಿ.

ಸರ್ಚ್ ಟರ್ಮ್ಸ್ ವರದಿ ತೆಗೆದು ಜನ ನಿಜವಾಗಿ ಏನು ಟೈಪ್ ಮಾಡಿದ್ದಾರೆ ಅಂತ ಓದಿ. ಬೇಡದ ಪದಗಳನ್ನು ನೆಗೆಟಿವ್ ಕೀವರ್ಡ್ (ಈ ಪದ ಹುಡುಕಿದವರಿಗೆ ಜಾಹೀರಾತು ತೋರಿಸಬೇಡ ಅನ್ನುವ ಪಟ್ಟಿ) ಆಗಿ ಹಾಕಿ. ಇಲ್ಲಿ ಆದರೆ 'ರೇಟ್', 'ದರ', 'ಇಂದಿನ', 'ಎಪಿಎಂಸಿ'. ರಿಪೇರಿ ಅಂಗಡಿಯವರಾದರೆ 'ಕಸ್ಟಮರ್ ಕೇರ್'. ಕಂಪನಿಯ ಕಸ್ಟಮರ್ ಕೇರ್ ಹುಡುಕುವವರು ಹಾಗೇ ನಿಮಗೆ ಫೋನ್ ಮಾಡಿ, ಕಂಪನಿಯವರೇ ಅಂದುಕೊಂಡು ಮಾತಾಡುತ್ತಾರೆ. ಇದು ನಿಮಗೂ ಒಳ್ಳೆಯದಲ್ಲ. ಒಂದು ಮಾತು ನೆನಪಿಡಿ: ನೆಗೆಟಿವ್ ಕೀವರ್ಡ್ ಒಂದು ಭಾಷೆಯಲ್ಲಿ ಹಾಕಿದರೆ ಇನ್ನೊಂದು ಭಾಷೆಯ ಹುಡುಕಾಟವನ್ನು ತಡೆಯುವುದಿಲ್ಲ. ನಮ್ಮ ಕಡೆ ಒಂದೇ ವಿಷಯವನ್ನು ಕನ್ನಡದಲ್ಲಿ, ಹಿಂದಿಯಲ್ಲಿ, ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಹುಡುಕುತ್ತಾರೆ. ಬೀದರಿನಲ್ಲಿ ಮರಾಠಿ, ಉರ್ದು, ತೆಲುಗು ಕೂಡ. ಎಲ್ಲ ರೂಪದಲ್ಲೂ ಹಾಕಿ.

ದೂರದೂರಿಂದ ಕರೆ ಬರುತ್ತಿದ್ದರೆ ಲೊಕೇಶನ್ ಆಯ್ಕೆ ನೋಡಿ. ಮೊದಲೇ ಇರುವ ಸೆಟ್ಟಿಂಗ್ ಪ್ರಕಾರ ಊರಿನಲ್ಲಿ ಇರುವವರಿಗಷ್ಟೇ ಅಲ್ಲ, ಊರಿನ ಬಗ್ಗೆ ಆಸಕ್ತಿ ತೋರಿಸಿದವರಿಗೂ ಜಾಹೀರಾತು ಕಾಣುತ್ತದೆ. ಮನೆಗೆ ಹೋಗಿ ರಿಪೇರಿ ಮಾಡುವವರು ಅದನ್ನು 'ಅಲ್ಲೇ ಇರುವವರು' ಅಂತ ಬದಲಿಸಬೇಕು. ಬಿದ್ರಿ ಸಾಮಾನು ಮಾರುವವರು ಬದಲಿಸದೇ ಇರುವುದೇ ಲಾಭ, ಅವರ ಗಿರಾಕಿ ಹೊರಗಿನವರೇ ಜಾಸ್ತಿ. ವೃತ್ತ ಹಾಕಿ ಗುರಿ ಇಡುವವರು ಮ್ಯಾಪ್ ನೋಡಿ ಹಾಕಿ. ಬೀದರ್ ಸುತ್ತ 40 ಕಿಲೋಮೀಟರ್ ಅಂದರೆ ತೆಲಂಗಾಣದ ಜಹೀರಾಬಾದ್ ಒಳಗೆ ಬರುತ್ತದೆ. ಅಲ್ಲಿಗೆ ಹೋಗಿ ಕೆಲಸ ಮಾಡುತ್ತೀರಿ ಅಂದರೆ ಸರಿ, ಇಲ್ಲವಾದರೆ ಆ ಕಡೆ ಕತ್ತರಿಸಿ.

ಗಿರಾಕಿ ಅಲ್ಲದ ಇನ್ನೊಂದು ಜಾತಿಯ ಕರೆಯೂ ಬರುತ್ತದೆ. ನಂಬರ್ ಹೊರಗೆ ಕಂಡ ಮೇಲೆ "ಗೂಗಲ್‌ನಿಂದ ಮಾತಾಡ್ತಿದ್ದೇವೆ, ನಿಮ್ಮ ಜಾಹೀರಾತು ನಿಲ್ಲುತ್ತದೆ, ಒಟಿಪಿ ಹೇಳಿ" ಅನ್ನುವವರು. ಖಾತೆಯಲ್ಲಿ ಏನಾದರೂ ತೊಂದರೆ ಇದ್ದರೆ ಅದು ಖಾತೆಯ ಒಳಗೇ ಬರೆದಿರುತ್ತದೆ, ಫೋನ್ ಇಟ್ಟು ಅಲ್ಲಿ ನೋಡಿ. ಒಟಿಪಿ, ಯುಪಿಐ ಪಿನ್ ಯಾರಿಗೂ ಹೇಳಬೇಡಿ. ಅಂಗಡಿಯಲ್ಲಿ ಫೋನ್ ಎತ್ತುವ ಹುಡುಗರಿಗೂ ಇದನ್ನು ಮೊದಲೇ ಹೇಳಿಡಿ. ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ. ಸೈಬರ್ ವಂಚನೆಗೆ ಇರುವ ರಾಷ್ಟ್ರೀಯ ಸಹಾಯವಾಣಿ ಅದೇ.